ಮಬ್ಬು ಬೆಳಕಿನಲ್ಲಿ ಫೋಕಸ್: ಎರಡು ಕ್ಯಾಮೆರಾ, ಒಂದು ದಾರ

ಪುಟ 1

ಎಲ್ಲಿಂದ ಶುರು ಮಾಡಲಿ? ಪತ್ರಿಕೆಯವರು ಕೇಳಿರುವುದು ಎರಡು ಮಿರರ್‌ಲೆಸ್ ಕ್ಯಾಮೆರಾಗಳ ಹೋಲಿಕೆ: ಬೆಳಕು ಕಡಿಮೆಯಿದ್ದಾಗ ಯಾವುದರ ಆಟೋಫೋಕಸ್ ವಾಸಿ? ಎಂಟುನೂರು ಪದ, ಒಂದು ಕೋಷ್ಟಕ. ಹಾಗಾದರೆ ಕೋಷ್ಟಕದಿಂದಲೇ ಶುರು ಮಾಡಬಹುದು. ಆದರೆ ಓದುಗರೇ, ಕೋಷ್ಟಕದಿಂದ ಶುರುವಾಗುವ ಕಥೆಯನ್ನು ನೀವು ಓದುತ್ತೀರಾ? (ನಾನು ಓದುತ್ತೇನೆ. ಭೌತಶಾಸ್ತ್ರ ಕಲಿತವರ ಹಣೆಬರಹ ಅದು.)

ಪುಟ 1, ಮತ್ತೊಮ್ಮೆ

"ಅಪ್ಪ ತೀರಿಕೊಂಡ ಮೇಲೆ ನಾನು ಅವರ ಸ್ಟುಡಿಯೋದ ಬೀಗ ತೆಗೆದೆ." ಚೆನ್ನಾಗಿದೆ, ಅಲ್ಲವೇ? ತೊಂದರೆ ಏನೆಂದರೆ, ಅಪ್ಪ ನನ್ನ ಹಿಂದೆಯೇ ನಿಂತು ಟೀ ಕುಡಿಯುತ್ತಾ ಇದನ್ನು ಓದುತ್ತಿದ್ದಾರೆ.

"ಅಲ್ವೇ ಪುಟ್ಟಿ, ನನ್ನನ್ನ ಯಾಕೆ ಸಾಯಿಸ್ದೆ?"

"ಕಥೆಗೆ ಅನುಕೂಲ ಆಗುತ್ತೆ ಅಪ್ಪ."

"ನಿನ್ನ ಅನುಕೂಲಕ್ಕೆ ನಾನು ಸಾಯ್ಬೇಕಾ? ತಡಿ, ಟೀ ಆದ್ರೂ ಮುಗಿಸ್ತೀನಿ."

(ಅಪ್ಪ ಲೋಟ ತೊಳೆಯಲು ಹೋಗಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಅವರ ಹತ್ತಿರ ನಾನೊಂದು ತಪ್ಪು ಒಪ್ಪಿಕೊಳ್ಳುವುದಿದೆ, ನಲವತ್ತು ವರ್ಷ ಹಳೆಯದು. ಇಲ್ಲದವರ ಮುಂದೆ ಒಪ್ಪಿಕೊಳ್ಳುವುದು ಸುಲಭ.)

ಆ ಕರಡನ್ನು ಹರಿದೆ. ಅಪ್ಪ ಬದುಕಿಕೊಂಡರು.

ಪುಟ 2

ಪ್ರಯೋಗದ ಸ್ಥಳ: ಅಪ್ಪ ಮುಚ್ಚಿರುವ ಸ್ಟುಡಿಯೋ. ಕಿಟಕಿಗೆ ಎರಡು ಪದರ ಪರದೆ ಎಳೆದರೆ ಮಧ್ಯಾಹ್ನ ಮೂರಕ್ಕೇ ಒಳಗೆ ಮುಸ್ಸಂಜೆ. ಹಿಂಗೋಡೆಯ ಬಟ್ಟೆಯ ಮೇಲೆ ಬಣ್ಣದ ಕೊಳ, ಮೆಟ್ಟಿಲು, ನಾನು ಹುಟ್ಟುವ ಮೊದಲಿನಿಂದ ಈಜುತ್ತಿರುವ ಎರಡು ಹಂಸ. ಕನ್ನಡಿಯ ಪಕ್ಕ, ಯಾರೂ ಮನೆಗೆ ಒಯ್ಯದ ಹಾಗೆ ಮೊಳೆಗೆ ಕಟ್ಟಿದ ಬಾಚಣಿಗೆ. ಫಿಲ್ಮ್ ತೊಳೆಯುತ್ತಿದ್ದ ಹೈಪೋದ ಹುಳಿ ವಾಸನೆ ಗೋಡೆ ಬಿಟ್ಟು ಇನ್ನೂ ಹೋಗಿಲ್ಲ. ಅದನ್ನು ಮೂಸುತ್ತಾ ಐದು ನಿಮಿಷ ಸುಮ್ಮನೆ ನಿಂತಿದ್ದೆ. (ಇದು ವಿಧಾನದ ಭಾಗವಲ್ಲ.)

ಸ್ಟೂಲಿನ ಮೇಲೆ ಅಪ್ಪ. ಬೆಳಕು ಒಂದು ಲಕ್ಸ್, ಅಂದರೆ ಒಂದು ಮೀಟರ್ ದೂರದ ಮೇಣದಬತ್ತಿಯಷ್ಟು. ಕ್ಯಾಮೆರಾ ಒಂದು ಬೂದು, ಒಂದು ಕರಿ; ಲೆನ್ಸ್ ಪೂರ್ತಿ ತೆರೆದು, ಕಣ್ಣನ್ನೇ ಹುಡುಕಲು ಅವಕ್ಕೆ ಹೇಳಿ, ಒಂದೊಂದರಲ್ಲೂ ನಲವತ್ತು ಚಿತ್ರ.

ಬೂದು ಕ್ಯಾಮೆರಾ ಚುರುಕು. ಕಾಲು ಸೆಕೆಂಡಿನಲ್ಲಿ ಅಪ್ಪನ ಕಣ್ಣಿನ ಮೇಲೆ ಹಸಿರು ಚೌಕ, 'ಬೀಪ್'. ಕರಿಯದು ಹಿಂದೆ ಮುಂದೆ ತಡಕಾಡಿ ಒಂದೂವರೆ ಸೆಕೆಂಡ್ ತೆಗೆದುಕೊಂಡಿತು.

"ಕನ್ನಡಕ ಕಳ್ಕೊಂಡ ಮುದುಕನ ಥರ ಆಡುತ್ತಲ್ಲೇ ಇದು," ಅಂದರು ಅಪ್ಪ. "ಇವನು ನಮ್ಮ ಕಡೆಯವನು."

ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆವು. ಕರಿಯದು ನಲವತ್ತರಲ್ಲಿ ಮೂವತ್ತಮೂರು ಸರಿ. ಬೂದು, ಹತ್ತೊಂಬತ್ತು. ಉಳಿದವುಗಳಲ್ಲಿ ಚೌಕವೇನೋ ಕಣ್ಣಿನ ಮೇಲೆಯೇ ಇದೆ, ಸ್ಪಷ್ಟವಾಗಿರುವುದು ಮಾತ್ರ ಮೂಗು.

ಅಪ್ಪ ಸ್ಕ್ರೀನಿನ ಹತ್ತಿರ ಬಗ್ಗಿದರು. "ಮೂಗು ಹಿಡ್ದಿದೆ." ಆಮೇಲೆ ಮೆಲ್ಲಗೆ, "ನಿಮ್ಮಮ್ಮನ ಫೋಟೋ ಥರ."

ಪುಟ 3

(ಇದನ್ನು ಅಪ್ಪನಿಗೆ ಕೊಟ್ಟಿಲ್ಲ.)

ಆಗ ಫೋಕಸ್ ಎಂದರೆ ದಾರ. ಮಬ್ಬಿನಲ್ಲಿ ಕ್ಯಾಮೆರಾದೊಳಗೆ ಇಣುಕಿದರೆ ಏನೂ ಕಾಣುತ್ತಿರಲಿಲ್ಲ; ಅದಕ್ಕೆ ಅಪ್ಪ ದಾರ ಎಳೆದು ದೂರ ಅಳೆಯುತ್ತಿದ್ದರು. ಅಡಿಗೊಂದು ಗಂಟು, ನಡುವೆ ಅರ್ಧ ಇಂಚಿಗೊಂದು ಮಸಿ ಚುಕ್ಕೆ. ಅವರು ಕ್ಯಾಮೆರಾದ ಕಡೆ ಚುಕ್ಕೆ ಎಣಿಸಿದರೆ, ಕೂತವರ ಮುಖದ ಹತ್ತಿರ ತುದಿ ಹಿಡಿಯುವುದು ನನ್ನ ಕೆಲಸ. ನನಗೆ ಎಂಟು ವರ್ಷ. ನಿಯಮ ಒಂದೇ: "ಕಣ್ಣಿನ ಪಕ್ಕದ ಎಲುಬಿಗೆ."

ಅವತ್ತು ಕರೆಂಟ್ ಇರಲಿಲ್ಲ, ಅಮ್ಮನಿಗೂ ಅದೇ ಬೇಕಿತ್ತು. "ನಿಮ್ಮ ಫ್ಲ್ಯಾಶ್‌ನಲ್ಲಿ ಸಿಕ್ಕಿಬಿದ್ದ ಕಳ್ಳಿ ಥರ ಕಾಣ್ತೀನಿ." ಕಿಟಕಿಯ ಕೊನೆಯ ಬೆಳಕು. ನಾನು ತುದಿಯನ್ನು ಅಮ್ಮನ ಮೂಗಿಗೆ ಮುಟ್ಟಿಸಿದೆ, ಕಚಗುಳಿಗೆಂದು. ಅಮ್ಮ ನಕ್ಕಳು. ಅಪ್ಪ ತಲೆ ಬಗ್ಗಿಸಿ ಚುಕ್ಕೆ ಎಣಿಸುತ್ತಿದ್ದರು.

ಒಂದೂವರೆ ಇಂಚಿನ ತಪ್ಪು. ನಕ್ಕು ಸುಕ್ಕಾದ ಮೂಗು ಸ್ಪಷ್ಟ, ಕಣ್ಣು ಮಂಜು. ಮುಂದಿನ ವರ್ಷ ಅಮ್ಮ ತೀರಿಹೋದಳು. ಅವಳೊಬ್ಬಳೇ ಇರುವ ಚಿತ್ರ ಅದೊಂದೇ. ಎಣಿಸುವಾಗ ತಮ್ಮ ಕಣ್ಣೇ ಕೈಕೊಟ್ಟಿತು ಎಂದು ಅಪ್ಪ ನಂಬಿದರು. "ಇದ್ದಿದ್ದು ಒಂದೇ ಫೋಟೋ, ಅದನ್ನೂ ನೆಟ್ಟಗೆ ತೆಗೀಲಿಲ್ಲ ನಾನು," ಎನ್ನುತ್ತಿದ್ದರು. ಆಮೇಲೆ ಫ್ಲ್ಯಾಶ್ ಇಲ್ಲದೆ ಯಾರ ಮುಖವನ್ನೂ ತೆಗೆಯಲಿಲ್ಲ. ಕಿಟಕಿ ಬೆಳಕಿನ ಚಿತ್ರಗಳಿಗೆ ಹೆಸರಾಗಿದ್ದವರು ಪಾಸ್‌ಪೋರ್ಟ್ ಫೋಟೋದವರಾಗಿ ಉಳಿದರು.

ಪುಟ 4

ಮುಕ್ತಾಯಗಳು. ಬೇಕಾದ್ದು ಆರಿಸಿಕೊಳ್ಳಿ.

ಅ. ಅಪ್ಪನಿಗೆ ಮೊದಲಿನಿಂದಲೂ ಗೊತ್ತಿತ್ತು. (ನನ್ನನ್ನು ನಾನೇ ಕ್ಷಮಿಸಿಕೊಂಡ ಹಾಗೆ. ಬೇಡ.)

ಆ. ಹೇಳುವುದೇ ಇಲ್ಲ, ಕೋಷ್ಟಕ ಕಳಿಸಿ ಮಲಗುತ್ತೇನೆ. (ಇಷ್ಟು ವರ್ಷ ಮಾಡಿದ್ದು ಇದನ್ನೇ.)

ಇ. ಅಪ್ಪ...

"ಏನು ಗೊತ್ತಿತ್ತು ನಂಗೆ?" ಅಪ್ಪ ಕನ್ನಡಕ ಏರಿಸಿ ಮತ್ತೆ ಹಿಂದೆ ನಿಂತಿದ್ದಾರೆ. "ಎರಡಾದ್ಮೇಲೆ ನಾಲ್ಕು ಬಂದಿದೆ. ಮೂರನೇ ಪುಟ ಎಲ್ಲಿ ಪುಟ್ಟಿ?"

ಪುಟ 5

ಪುಟ ಕೊಡಲಿಲ್ಲ. ಸ್ಟುಡಿಯೋದ ಡ್ರಾಯರ್ ಎಳೆದೆ. ದಾರ ಅಲ್ಲೇ ಇತ್ತು, ಫಿಲ್ಮ್ ಡಬ್ಬಿಯೊಳಗೆ, ಮಸಿ ಕಂದಿ. ಕರಿಯ ಕ್ಯಾಮೆರಾದ ಆಟೋಫೋಕಸ್ ಆಫ್ ಮಾಡಿ ಅಪ್ಪನ ಕೈಗಿಟ್ಟೆ.

"ನನ್ನದೊಂದು ತೆಗೀರಿ. ಫ್ಲ್ಯಾಶ್ ಬೇಡ."

"ಈ ಕಣ್ಣಿಟ್ಕೊಂಡಾ? ತಲೆ ಕೆಟ್ಟಿದ್ಯಾ ನಿಂಗೆ?"

"ದಾರ ಇದ್ಯಲ್ಲ ಅಪ್ಪ."

ಸ್ಟೂಲಿನ ಮೇಲೆ ಕೂತೆ. ಅಪ್ಪ ದಾರವನ್ನು ಹೆಬ್ಬೆರಳಿನಿಂದ ಕ್ಯಾಮೆರಾಗೆ ಒತ್ತಿ, ಬಿಗಿ ಮಾಡಿ, ತಲೆ ಬಗ್ಗಿಸಿದರು. ಅದೇ ಭಂಗಿ.

"ತುದಿ ಎಲ್ಲಿಡ್ಬೇಕು, ನೆನಪಿದ್ಯಾ?"

ಮೂಗಿಗೆ ಇಟ್ಟುಕೊಂಡೆ.

"ಅಪ್ಪ, ತಲೆ ಎತ್ತಿ ನೋಡಿ. ಅವತ್ತು ಅಮ್ಮಂಗೂ ಇಲ್ಲೇ ಇಟ್ಟಿದ್ದೆ."

ಅಪ್ಪ ತಲೆ ಎತ್ತಿದರು.

ಓದುಗರೇ, ಅವರು ಏನೆಂದರು ಎಂದು ನಾನು ಬರೆಯುವುದಿಲ್ಲ. ನನ್ನ ಬಳಿಯಿರುವ ಅಳತೆಗಳನ್ನು ಮಾತ್ರ ಕೊಡಬಲ್ಲೆ: ಬೆಳಕು ಒಂದು ಲಕ್ಸ್, ದೂರ ಮೂರಡಿಯ ಮೇಲೆ ನಾಲ್ಕು ಚುಕ್ಕೆ. ಶಟರ್ ಇನ್ನೂ ಒತ್ತಿಲ್ಲ. ದಾರ ಬಿಗಿಯಾಗಿಯೇ ಇದೆ. ಮೂಗಿಗೆ ಕಚಗುಳಿಯಾಗುತ್ತಿದೆ, ನಾನು ಅಲುಗಾಡದೆ ಕೂತಿದ್ದೇನೆ.