ಹಲ್ಲಿನ ಸೆಟ್ಟಿನ ಒಳಮೈ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಪಾಲಿಶಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರುಗಳು ಕಳಿಸಿದ ಅಳತೆಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬು ಅದು. ಮಹಡಿಯ ಮೇಲೆ ಎರಡೇ ಕೋಣೆ, ಆರು ಜನ ಕೆಲಸದವರು, ಎಲ್ಲಿ ಕೈಯಿಟ್ಟರೂ ಪ್ಲಾಸ್ಟರಿನ ಬಿಳಿ ಪುಡಿ. ಪಾಲಿಶಕ್ಕನ ಮೇಜಿಗೆ ಸೆಟ್ಟು ಬರುವುದು ಕೊನೆಯಲ್ಲಿ. ಗಿರ್ರನೆ ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಅವಳು ಹೊಳಪು ಕೊಟ್ಟಳೆಂದರೆ, ಅಬ್ಬಾ, ಹಾಕಿಕೊಂಡವರು ನಗುವುದಕ್ಕೆ ನೆಪ ಹುಡುಕುತ್ತಿದ್ದರು. ಇಪ್ಪತ್ತೆರಡು ವರ್ಷ ಪಳಗಿದ ಕೈ, ಸುಮ್ಮನೆ ಬಂದದ್ದಲ್ಲ.

ಆದರೆ ಆ ಇಪ್ಪತ್ತೆರಡು ವರ್ಷದಲ್ಲಿ ತಾನು ಯೇಸುವನ್ನು ನಂಬಿದವಳೆಂದು ಅವಳು ಅಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮುಂಚೆ ಚೀಲದೊಳಗೆ ತಲೆ ಹಾಕಿ, ಚಮಚ ಹುಡುಕುವ ನಾಟಕವಾಡುತ್ತ ಪ್ರಾರ್ಥನೆ ಮುಗಿಸಿಬಿಡುತ್ತಿದ್ದಳು. ಯಾರಿಗೂ ಬೇಸರವಾಗಬಾರದು ನೋಡಿ, ಅದಕ್ಕೇ ಹೇಳುತ್ತಿಲ್ಲ ಎಂದು ತನಗೆ ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಬೇಸರವೂ ಇಲ್ಲ, ಗೀಸರವೂ ಇಲ್ಲ, ಅವಳಿಗಿದ್ದದ್ದು ಹೆದರಿಕೆ. ನಕ್ಕುಬಿಟ್ಟರೆ? ದೂರ ಇಟ್ಟುಬಿಟ್ಟರೆ?

ಮನೆಯಲ್ಲಿ ಅವಳ ಅತ್ತೆ ಇದಕ್ಕೆ ತದ್ವಿರುದ್ಧ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಮೂರನೇ ಸ್ಟಾಪಿನೊಳಗೆ ಯೇಸು ಸ್ವಾಮಿಯ ವಿಷಯ ಮುಟ್ಟಿಸದಿದ್ದರೆ ಆ ಮುದುಕಿಗೆ ತಿಂದದ್ದು ಅರಗುತ್ತಿರಲಿಲ್ಲ.

"ಬೊಚ್ಚುಬಾಯಿಗೆಲ್ಲ ಹಲ್ಲು ಕೊಡ್ತೀಯ, ನಿನ್ನ ಬಾಯಿ ಮಾತ್ರ ಹೊಲಿದುಕೊಂಡಿದ್ದೀಯಲ್ಲೇ" ಎಂದು ಸೊಸೆಯನ್ನು ಛೇಡಿಸುತ್ತಿದ್ದಳು.

"ನಿಮ್ಮ ಹಾಗೆ ನನಗೆ ಬರಲ್ಲ ಅತ್ತೆ."

"ನನ್ನ ಹಾಗೆ ಯಾಕೆ ಬರ್ಬೇಕು? ನಿನ್ನ ಹಾಗೇ ಹೇಳು. ಆದ್ರೆ ಹೇಳು!"

ಸೊಸೆ ಪಾತ್ರೆ ತೊಳೆಯುವ ನೆಪದಲ್ಲಿ ಜಾಗ ಖಾಲಿ ಮಾಡುತ್ತಿದ್ದಳು.

ಇಷ್ಟರಲ್ಲಿ ಲ್ಯಾಬಿನ ಯಜಮಾನ ಕೆಲಸದವರಲ್ಲೇ ಒಬ್ಬರನ್ನು ಹೆಡ್ ಮಾಡುವುದಾಗಿ ಹೇಳಿದ. ಸೋಮವಾರ ಹೆಸರು ಹೇಳುತ್ತೇನೆ ಎಂದ. ಹೆಸರು ಯಾರದೆಂದು ಎಲ್ಲರಿಗೂ ಗೊತ್ತೇ ಇತ್ತು. ಪಕ್ಕದ ಮೇಜಿನಲ್ಲಿ ಮೇಣದ ಮೇಲೆ ಹಲ್ಲು ಜೋಡಿಸುವವನಿಗೆ ಅಲ್ಲಿ ಮೇಣದಣ್ಣ ಎಂದು ಹೆಸರು. ಅವನಂತೂ ಗುರುವಾರದಿಂದಲೇ ಶುರುಮಾಡಿದ್ದ. "ಹೆಡ್ ಮೇಡಂ, ಬಡವರ ಮೇಲೆ ಸ್ವಲ್ಪ ದಯೆ ಇರ್ಲಿ."

ಎಡವಟ್ಟಾದದ್ದು ಶುಕ್ರವಾರ. ಸೆಟ್ಟಿನ ಹೊರಮೈಗೆ ಎಷ್ಟು ಹೊಳಪು ಕೊಟ್ಟರೂ ನಡೆಯುತ್ತದೆ. ಒಳಮೈ, ಅಂದರೆ ಒಸಡಿನ ಮೇಲೆ ಕೂರುವ ಭಾಗ ಇದೆಯಲ್ಲ, ಅದನ್ನು ಮಾತ್ರ ಚಕ್ರಕ್ಕೆ ಮುಟ್ಟಿಸಲೇಬಾರದು. ಅದು ಆ ಒಬ್ಬರ ಒಸಡಿನ ಪಡಿಯಚ್ಚು. ಒಂದು ಚೂರು ಸವೆದರೂ ಸೆಟ್ಟು ಅಲ್ಲಾಡಿ, ಉಜ್ಜಿ ಉಜ್ಜಿ ಹುಣ್ಣಾಗುತ್ತದೆ. ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಪಾಠವೇ ಇದು. ಸೋಮವಾರದ ಕನಸು ಕಾಣುತ್ತ ಕೂತಿದ್ದ ಪಾಲಿಶಕ್ಕ ಕೆಳದವಡೆಯ ಸೆಟ್ಟನ್ನು ಮಗುಚಿ, ಒಳಮೈಯನ್ನೂ ಥಳಥಳ ಮಾಡಿಟ್ಟಳು! ಗಮನಕ್ಕೆ ಬಂದಾಗ ಚಕ್ರ ನಿಲ್ಲಿಸಿ, ಸೆಟ್ಟನ್ನು ಯಜಮಾನನ ಮುಂದೆ ಹಿಡಿದಳು.

ಪ್ಲಾಸ್ಟರಿನ ಅಚ್ಚು ಸೆಟ್ಟು ಬಿಡಿಸುವಾಗಲೇ ಒಡೆದುಹೋಗಿತ್ತು. ಇನ್ನೊಂದು ಮಾಡಬೇಕೆಂದರೆ ಡಾಕ್ಟರಿಗೆ ತಿಳಿಸಿ, ಹಲ್ಲಿಗಾಗಿ ಕಾದಿರುವ ಅಜ್ಜನನ್ನು ಕರೆಸಿ, ಬಾಯಿಯ ಅಳತೆ ಹೊಸದಾಗಿ ತೆಗೆಸಬೇಕು. ಡಾಕ್ಟರೋ ಮಹಾ ಮುಂಗೋಪಿ. ಲ್ಯಾಬಿನ ಅರ್ಧ ಕೆಲಸ ಅವರದ್ದೇ. ಇನ್ನೊಂದು ತಪ್ಪಾದರೆ ಬೇರೆ ಲ್ಯಾಬು ನೋಡಿಕೊಳ್ಳುತ್ತೇನೆ ಎಂದು ಹೋದ ತಿಂಗಳಷ್ಟೇ ಗುಡುಗಿದ್ದರು.

ಯಜಮಾನ ಸೆಟ್ಟನ್ನು ತಿರುಗಿಸಿ ನೋಡಿ ದನಿ ತಗ್ಗಿಸಿದ. "ಹೊಸ ಸೆಟ್ಟು ಯಾರಿಗೆ ನೋಯಲ್ಲ ಹೇಳು? ಅಭ್ಯಾಸ ಆಗುತ್ತೆ ಅಂತ ಡಾಕ್ಟ್ರೇ ಸಮಾಧಾನ ಮಾಡಿ ಕಳಿಸ್ತಾರೆ. ಪ್ಯಾಕ್ ಮಾಡಮ್ಮ. ಇಲ್ಲ, ಹೇಳ್ಲೇಬೇಕು ಅಂತೀಯಾ, ಸೋಮವಾರದ್ದು ಮರೆತುಬಿಡು."

ಅವನು ಹೇಳಿದ್ದು ಸುಳ್ಳೇನಲ್ಲ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಜ್ಜ ತನ್ನ ಒಸಡನ್ನೇ ಬೈದುಕೊಂಡು, ಹಾಲಿಗೆ ಬ್ರೆಡ್ಡು ಅದ್ದಿಕೊಂಡು ದಿನ ದೂಡುತ್ತಿದ್ದ. ಪಾಲಿಶಕ್ಕ ಸೆಟ್ಟನ್ನು ಡಬ್ಬಿಗೆ ಹಾಕಿದಳು, ಟೇಪು ಸುತ್ತಿದಳು, ಮೇಲೆ ನಂಬರನ್ನೂ ಬರೆದಳು. ಬರೆದು, ಪೆನ್ನು ಹಿಡಿದುಕೊಂಡೇ ಕೂತಳು. ಬೆಳಿಗ್ಗೆ ಮೊಣಕಾಲೂರಿ "ಸ್ವಾಮಿ, ನಾನು ನಿನ್ನವಳು" ಎಂದು ಬಂದಿದ್ದಳಲ್ಲ, ಅದನ್ನು ಯಾವ ಮುಖ ಇಟ್ಟುಕೊಂಡು ನಾಳೆ ಮತ್ತೆ ಹೇಳುವುದು? ಟೇಪು ಕಿತ್ತಳು. ಮೇಜಿನ ಮೇಲಿದ್ದ ಫೋನು ಎತ್ತಿದಳು. ಚಕ್ರ ನಿಂತಿದ್ದರಿಂದ ಕೋಣೆಯವರಿಗೆಲ್ಲ ಪ್ರತಿ ಮಾತೂ ಕೇಳಿಸುತ್ತಿತ್ತು.

"ಡಾಕ್ಟ್ರೇ, ಅಜ್ಜನ ಸೆಟ್ಟು ಹಾಳಾಗಿದೆ. ಹಾಳು ಮಾಡಿದ್ದು ನಾನೇ. ಒಳಮೈಗೆ ಪಾಲಿಶ್ ಹಾಕಿಬಿಟ್ಟೆ."

ಡಾಕ್ಟರು ಎರಡು ನಿಮಿಷ ಬೈದರು. ಆಮೇಲೆ ತಟ್ಟನೆ ಕೇಳಿದರು. "ನೀವು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ಯಾಕೆ ಹೇಳಿದ್ರಿ?"

"ತಪ್ಪಾಯ್ತು" ಎಂದಷ್ಟೇ ಹೇಳಿ ಫೋನು ಇಟ್ಟುಬಿಡಬಹುದಿತ್ತು. ಇಡಲಿಲ್ಲ ನೋಡಿ ನಮ್ಮ ಪಾಲಿಶಕ್ಕ!

"ನಾನು ಯೇಸು ಸ್ವಾಮಿಯನ್ನ ನಂಬಿದವಳು ಡಾಕ್ಟ್ರೇ. ಆ ಅಜ್ಜ ನೋವು ತಿನ್ನೋದು ನಿಮಗೆ ಕಾಣಲ್ಲ, ನನಗೂ ಕಾಣಲ್ಲ. ಸ್ವಾಮಿಗೆ ಕಾಣುತ್ತೆ. ಮುಚ್ಚಿಟ್ಟು ಹೇಗೆ ಮನೆಗೆ ಹೋಗ್ಲಿ?"

 ಒಂದು ಅಕ್ಷರವನ್ನೂ ನುಂಗಲಿಲ್ಲ.

"ನಾಳೆ ಅಳತೆ ಕಳಿಸ್ತೀನಿ" ಎಂದು ಡಾಕ್ಟರು ಫೋನು ಇಟ್ಟರು. ಯಜಮಾನ ಧಡಾರನೆ ಬಾಗಿಲು ಹಾಕಿಕೊಂಡು ಒಳಗೆ ಹೋದ. 

ಸಂಜೆ ಮನೆಯಲ್ಲಿ ವಿಷಯ ಕೇಳಿದ ಅತ್ತೆ ಕೈಲಿದ್ದ ಕೆಲಸ ಬಿಟ್ಟು ಎದ್ದಳು.  ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ತುಂಬಿಕೊಂಡು ನಿಂತೇಬಿಟ್ಟಳು.

"ಹೆಡ್ ಕೆಲಸ ಹೋಯ್ತು ಅಂದ್ಕೊಳ್ಳಿ ಅತ್ತೆ."

"ಹೋದ್ರೆ ಹೋಗ್ಲಿ ಬಿಡೇ! ನಾನು ಬಸ್ಸಲ್ಲಿ ಹೇಳಿ ಮುಂದಿನ ಸ್ಟಾಪಲ್ಲಿ ಇಳಿದುಬಿಡ್ತೀನಿ. ನೀನು ನಾಳೆ ಅದೇ ಮೇಜಿಗೆ ಹೋಗಿ ಕೂರ್ಬೇಕು. ಅಲ್ಲಿ ನಿಂತು ಹೇಳಿದ್ಯಲ್ಲ, ಅದು ನನ್ನ ಕೈಲೂ ಆಗ್ತಿರ್ಲಿಲ್ಲ."

ಆಮೇಲೆ ಮುದುಕಿ ಚಪ್ಪಲಿ ಮೆಟ್ಟಿ ಹೊರಟಳು. ಬೀದಿಯ ಹದಿನಾಲ್ಕು ಮನೆಗೂ "ನನ್ನ ಸೊಸೆ ಏನು ಮಾಡಿದ್ಲು ಗೊತ್ತಾ?" ಎಂದು ಸಾರಿ ಬಂದ ಮೇಲೆಯೇ ಊಟಕ್ಕೆ ಕೂತಳು.

ಡಾಕ್ಟರು ಲ್ಯಾಬು ಬದಲಿಸಲಿಲ್ಲ. ಹಾಗೆಂದು ಹೊಗಳಲೂ ಇಲ್ಲ. ಶನಿವಾರ ಹೊಸ ಅಳತೆ ಬಂತು, ಅಷ್ಟೇ. ಸೋಮವಾರ ಯಜಮಾನ ಪಾಲಿಶಕ್ಕನ ಕಡೆ ನೋಡದೆ ಮೇಣದಣ್ಣನ ಹೆಸರು ಹೇಳಿದ. ಅವಳಿಗೆ ಬೇಸರವಾಗಲಿಲ್ಲ ಎಂದರೆ ಅದು ಸುಳ್ಳಾದೀತು. ಆದರೂ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಅವಳೇ, ತಲೆ ತಗ್ಗಿಸದೆ.

ಮಧ್ಯಾಹ್ನ ಊಟ ಮುಗಿದು, ಮಿಕ್ಕವರು ಕೆಲಸಕ್ಕೆ ಕೂರುವ ಹೊತ್ತಿಗೆ ಮೇಣದಣ್ಣ ತನ್ನ ಸ್ಟೂಲನ್ನು ಅವಳ ಮೇಜಿನ ಹತ್ತಿರ ಎಳೆದುಕೊಂಡ. ಎಂದಿನ ತಮಾಷೆ ಅವನ ಮುಖದಲ್ಲಿರಲಿಲ್ಲ.

"ಪಾಲಿಶಕ್ಕ, ಒಂದು ಮಾತು ಕೇಳ್ಲಾ? ನನ್ನ ಹೆಂಡ್ತಿ ತೀರಿಕೊಂಡು ಮೂರು ವರ್ಷ ಆಯ್ತು. ಆಗೆಲ್ಲ ನಾನು ನನ್ನ ಮೇಜಿನಲ್ಲಿ ಕೂತು ಅಳ್ತಿದ್ದೆ. ನೀವು ದಿನಾ ಪಕ್ಕದಲ್ಲೇ ಇದ್ರಿ. ನೀರು ಕೊಟ್ರಿ, ಊಟ ಮಾಡಿಸಿದ್ರಿ, ಅದನ್ನ ಮರೆತಿಲ್ಲ. ಆದ್ರೆ ಶುಕ್ರವಾರ ಫೋನಲ್ಲಿ ಮಾತಾಡಿದ್ರಲ್ಲ, ಅಷ್ಟು ಗಟ್ಟಿಯಾದದ್ದು ನಿಮ್ಮ ಹತ್ರ ಆಗ್ಲೂ ಇತ್ತಲ್ವಾ? ನನಗೆ ಯಾಕೆ ಹೇಳ್ಲಿಲ್ಲ?"

ಹೆಡ್ ಕೆಲಸ ಕೈತಪ್ಪಿದಾಗ ಬಾರದ ಅಳು ಅವಳಿಗೆ ಈಗ ಬಂತು.

"ಹೆದರಿಕೊಂಡೆ ಅಣ್ಣ. ನೀವು ನಗ್ತೀರಿ ಅಂತ. ದೊಡ್ಡ ತಪ್ಪಾಯ್ತು."

"ಈಗ ಹೇಳಿ. ನಗಲ್ಲ."

ಅಷ್ಟರಲ್ಲಿ ಒಳಕೋಣೆಯಿಂದ ಯಜಮಾನ ಕೂಗಿದ. "ಚಕ್ರ ಯಾಕೆ ನಿಂತಿದೆ? ಪಾಲಿಶ್ ಮಾಡೋರು ಎಲ್ಲಿ ಸತ್ರು?"

ಪಾಲಿಶಕ್ಕ ಗಡಬಡಿಸಿ ಏಳಲು ಹೋದಳು. ಮೇಣದಣ್ಣ ಕೈಸನ್ನೆ ಮಾಡಿ ಕೂರಿಸಿ, ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ. "ಹೆಡ್ಡು ನಾನು ಯಜಮಾನ್ರೇ! ಹತ್ತು ನಿಮಿಷ ಬಿಡುವು ಕೊಟ್ಟಿದ್ದೀನಿ."

ಪಾಲಿಶಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತಳು. ಯೇಸು ಯಾರು, ತನಗೆ ಏನು ಮಾಡಿದ ಎಂದು ಆ ಕೋಣೆಯವರಿಗೆಲ್ಲ ಕೇಳುವ ಹಾಗೆ ಹೇಳತೊಡಗಿದಳು.