ಇಳಿದವರ ಲೆಕ್ಕ

“ಚೆಂಡುಹೂವು ಹನ್ನೆರಡು ಕಿಲೊ, ಕಿಲೊಕ್ಕ ಎಪ್ಪತ್ತು. ಉಪ್ಪು ಒಂದು ಚೀಲ, ಇಪ್ಪತ್ತೈದು ಕಿಲೊ, ಮುನ್ನೂರು. ವಿಭೂತಿ ಮಠದವ್ರೇ ರುದ್ರಭೂಮಿಗೆ ಒಯ್ದಾರ, ಅದಕ್ಕ ರೊಕ್ಕ ಬ್ಯಾಡಂದ್ರು.” ಹಾಲಸ್ವಾಮಿ ಬೆರಳು ಮಡಚುತ್ತ, ಅಂಗಳದಲ್ಲಿ ಹೆಣ ಕೂರಿಸಿ ಒಯ್ಯುವ ಬಿದಿರಿನ ವಿಮಾನ ಇಳಿಸುತ್ತಿದ್ದ ಪಾಲಣ್ಣನ ಕಡೆ ತಿರುಗಿದ. “ಇದಕ್ಕೆಷ್ಟಪಾ?”

“ಎರಡು ಸಾವಿರದ ಇನ್ನೂರು ಕೊಡ್ರಿ. ಹದಿನೆಂಟು ಕಿಲೊ ಐತಿ, ತೂಗಿಸ್ಕೊಂಡೇ ಬಂದೀನಿ. ಗುರುಶಾಂತಪ್ಪಾರಿಗೆ ತೂಗದ ಸಾಮಾನು ತಂದ್ರ ಎದ್ದು ಕುಂತಾರು.”

“ಕುಂತೇ ಅದಾನಲ್ಲಲೇ ನಮ್ಮಣ್ಣ.”

ಪಡಸಾಲೆಯಲ್ಲಿದ್ದವರು ನಕ್ಕರು. ನಕ್ಕಿದ್ದಕ್ಕೆ ನಾಚಿ ಸೆರಗು, ಟವೆಲು ಬಾಯಿಗೆ ಹಚ್ಚಿದರು. ಗುರುಶಾಂತಪ್ಪ ನಿಜಕ್ಕೂ ಕುಳಿತಿದ್ದ. ಬೆನ್ನು ಗೋಡೆಗೆ ಆನಿಸಿ, ಗದ್ದ ಬೀಳದಂತೆ ಬಿಳಿ ಬಟ್ಟೆ ಕಟ್ಟಿ, ಹಣೆ ತುಂಬ ವಿಭೂತಿ ಬಳಿದು ಕೂರಿಸಿದ್ದರು. ಕೊಟ್ಟೂರಿನ ಮಾರುಕಟ್ಟೆ ರಸ್ತೆಯ ವೇಬ್ರಿಜ್‌ನಲ್ಲಿ ಮೂವತ್ತೊಂದು ವರ್ಷ ಲಾರಿ ತೂಗಿದ ಮನುಷ್ಯ. ಕೊನೆಯ ಆರು ತಿಂಗಳಲ್ಲಿ ಕರಗಿ, ಅಂಗಿಯೊಳಗೆ ಮತ್ತೊಬ್ಬರಿಗೆ ಜಾಗ ಆಗುವಷ್ಟು ಸಣ್ಣವನಾಗಿದ್ದ.

ಈಗ ಅವನ ಕುರ್ಚಿಯಲ್ಲಿ ಕೂತು ಲಾರಿ ತೂಗುವ ಚನ್ನಬಸವ ಒಳಗೆ ಬಂದು, ಅಪ್ಪನ ಪಕ್ಕ ಕೂತಿದ್ದ ಪುಷ್ಪಲತಾಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ.

“ಅಕ್ಕಾ, ಒಂದು ಮಾತು. ಬಾಸ್ಕೆಟ್‌ಬಾಲ್ ಆಡೋ ಹುಡುಗ್ಯಾರೆಲ್ಲ ಗ್ರೌಂಡಿನಾಗ ಕಾಯಾಕತ್ಯಾರ. ಟ್ರ್ಯಾಕ್ಟರ್ ಎರಡು ನಿಮಿಷ ಅಲ್ಲಿ ನಿಲ್ಸಿದ್ರ…”

“ಬ್ಯಾಡ.”

“ಅಲ್ಲಕ್ಕಾ, ಇಷ್ಟು ವರ್ಷ ದಿನಾ ಸಂಜಿಮುಂದ ಅಲ್ಲೇ ಕುಂತು ಸ್ಕೋರ್ ಬರದಾರ…”

“ಅಲ್ಲಿ ಏನು ಬರದಾನ ಅಂತ ನನಗ ಚೊಲೊ ಗೊತ್ತೈತಿ ಚನ್ನಬಸಣ್ಣ. ನೆಟ್ಟಗ ರುದ್ರಭೂಮಿಗೆ ಹೋಗ್ಲಿ.”

ತಾಯಿ ಪಂಪಮ್ಮ ಮಗಳನ್ನು ನೋಡಿದಳು. ಗಂಡನ ಮೊಣಕಾಲ ಮೇಲಿಂದ ಜಾರಿದ್ದ ಬಿಲ್ವಪತ್ರೆಯನ್ನು ಎತ್ತಿ ಮೊದಲಿದ್ದಲ್ಲಿ ಇಟ್ಟಳು.

*

ಲಾರಿ ತುಂಬಿ ಬಂದಾಗ ಒಮ್ಮೆ ತೂಗಬೇಕು, ಮಾಲು ಇಳಿಸಿ ಹೊರಟಾಗ ಇನ್ನೊಮ್ಮೆ. ಎರಡರ ವ್ಯತ್ಯಾಸವೇ ಮಾಲು. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ ಗುರುಶಾಂತಪ್ಪ ಈ ಒಂದೇ ವಿದ್ಯೆಯನ್ನು ಬಾಸ್ಕೆಟ್‌ಬಾಲ್ ಆಟಕ್ಕೆ ಒಯ್ದಿದ್ದ.

ಆಟದ ಹಾಳೆಯಲ್ಲಿ ಯಾರು ಎಷ್ಟು ಬುಟ್ಟಿ ಹಾಕಿದರು ಎಂಬುದಷ್ಟೇ ಬರುತ್ತದೆ. ಎದುರಾಳಿಗೆ ಚೆಂಡು ಸಿಗದಂತೆ ಅಡ್ಡ ನಿಂತವಳು, ಸರಿಯಾದ ಹೊತ್ತಿಗೆ ಚೆಂಡು ದಾಟಿಸಿದವಳು ಅದರಲ್ಲಿ ಕಾಣುವುದಿಲ್ಲ. ಅವನಿಗೆ ಇದು ಸರಿಕಾಣಲಿಲ್ಲ. ಹಾಳೆಯ ಹಿಂಬದಿಯಲ್ಲಿ ಬೇರೆಯೇ ಲೆಕ್ಕ ಬರೆಯತೊಡಗಿದ. ಒಬ್ಬಳು ಒಳಗೆ ಆಡುವಾಗ ತಂಡ ಗಳಿಸಿದ್ದೆಷ್ಟು, ಬಿಟ್ಟುಕೊಟ್ಟದ್ದೆಷ್ಟು. ಅವಳು ಬೆಂಚಿನ ಮೇಲೆ ಕೂತಾಗ ಗಳಿಸಿದ್ದೆಷ್ಟು, ಬಿಟ್ಟುಕೊಟ್ಟದ್ದೆಷ್ಟು. ಒಳಗಿದ್ದದ್ದು ಲೋಡು, ಹೊರಗಿದ್ದದ್ದು ಖಾಲಿ. ಒಂದರಲ್ಲಿ ಒಂದು ಕಳೆದರೆ ಉಳಿಯುವುದು ಆ ಹುಡುಗಿಯ ತೂಕ.

ಜನ ಮೊದಲು ನಕ್ಕರು. ತೂಕ ಇದೆ ಎಂದು ಅವನು ತೋರಿಸಿದ ಹುಡುಗಿಯರನ್ನು ಆಡಿಸಿದಾಗಲೆಲ್ಲ ಊರಿನ ತಂಡ ಗೆಲ್ಲುತ್ತ ಬಂದಿತು. ಆಮೇಲೆ ಆಟ ಕಲಿಸುವ ಗುರುಬಸವರಾಜ ಮಾಸ್ತರರೇ ಪಂದ್ಯಕ್ಕೆ ಮೊದಲು ಅವನ ಲೆಕ್ಕದ ಪುಸ್ತಕ ಕೇಳತೊಡಗಿದರು.

ಹದಿಮೂರು ವರ್ಷದ ಹಿಂದೆ ರಾಜ್ಯ ತಂಡದ ಶಿಬಿರಕ್ಕೆ ಕೊಟ್ಟೂರಿನಿಂದ ಒಬ್ಬಳನ್ನು ಕಳಿಸಬೇಕಿತ್ತು, ಒಬ್ಬಳನ್ನೇ. ಪಂದ್ಯಕ್ಕೆ ಇಪ್ಪತ್ತು ಅಂಕ ಹಾಕುತ್ತಿದ್ದ ಪುಷ್ಪಲತಾ ಆಗಲೇ ಹೊಸ ಬೂಟು ಕೊಂಡಿದ್ದಳು. ಇನ್ನೊಬ್ಬಳು ಗುಡೇಕೋಟೆ ಕಡೆಯ ಕುರಿ ಸಾಕುವವರ ಮಗಳು ಮರುಳಸಿದ್ದಮ್ಮ, ಹಾಸ್ಟೆಲ್ ಹುಡುಗಿ. ನಾಲ್ಕು ಅಂಕ ಹಾಕಿದರೆ ಅವಳಿಗೆ ಅದೇ ಹೆಚ್ಚು.

“ನೀವೇ ಹೇಳ್ರಿ ಗುರುಶಾಂತಪ್ಪ. ನಿಮ್ಮ ಪುಸ್ತಕ ಹೇಳಿದಂಗ,” ಎಂದರು ಮಾಸ್ತರರು, ಹುಡುಗಿಯರೆಲ್ಲರ ಮುಂದೆ.

ಗುರುಶಾಂತಪ್ಪ ಪುಸ್ತಕ ತೆರೆದ. “ಮರುಳಸಿದ್ದಮ್ಮ, ಪಂದ್ಯಕ್ಕ ಒಂಬತ್ತು ಹೆಚ್ಚು.” ಹಾಳೆ ತಿರುವಿದ. “ಪುಷ್ಪಲತಾ, ಮೂರು ಕಮ್ಮಿ.”

“ಕಮ್ಮಿ ಅಂದ್ರ ಏನಪ್ಪಾ?”

“ನೀನು ಹೊರಗ ಕುಂತಾಗ ಟೀಮು ಇನ್ನೂ ಚೊಲೊ ಆಡೈತಿ ಅಂತ ಬಂದೈತವ್ವ ಲೆಕ್ಕ.”

ಮಗಳೆಂದು ಅಂಕಿ ತಿದ್ದುವುದು ಅವನಿಗೆ ಬರುತ್ತಿರಲಿಲ್ಲ. ಪುಷ್ಪಲತಾ ಬೂಟು ಬಿಚ್ಚಿ, ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಮನೆಗೆ ನಡೆದಳು. ಮತ್ತೆ ಗ್ರೌಂಡಿನ ಗೇಟು ದಾಟಲಿಲ್ಲ. ಅಪ್ಪನಿಗೆ ಊಟಕ್ಕೆ ಬಡಿಸುವುದನ್ನು ಬಿಡಲಿಲ್ಲ, ಆದರೆ ಸಾಕೋ ಬೇಕೋ ಎಂಬುದರ ಆಚೆ ಮಾತು ಬೆಳೆಸಲಿಲ್ಲ. ಮದುವೆಯಾಗಿ ಹರಪನಹಳ್ಳಿಗೆ ಹೋದ ಮೇಲೆ ಫೋನ್ ಮಾಡಿದರೆ ಅವ್ವನ ಕೈಗೇ ಕೊಡಲು ಹೇಳುತ್ತಿದ್ದಳು.

*

ಹನ್ನೊಂದರ ಹೊತ್ತಿಗೆ ಹುಬ್ಬಳ್ಳಿಯಿಂದ ಮರುಳಸಿದ್ದಮ್ಮ ಬಂದಳು. ಅಂದು ಆಯ್ಕೆಯಾಗಿ, ಆಡಿ, ಆಟಗಾರರ ಕೋಟಾದಲ್ಲಿ ಅಲ್ಲೇ ನೌಕರಿ ಹಿಡಿದಿದ್ದಳು. ಗುರುಶಾಂತಪ್ಪನ ಪಾದ ಮುಟ್ಟಿ ಬಹಳ ಹೊತ್ತು ತಲೆ ಎತ್ತಲಿಲ್ಲ. ಪುಷ್ಪಲತಾ ಎದ್ದು ಹಿತ್ತಲಿಗೆ ಹೋದಳು. ಅವಳು ನಲ್ಲಿಯ ಕೆಳಗೆ ಸುಮ್ಮನೆ ಕೈ ತೊಳೆಯುತ್ತ ನಿಂತಿರುವಾಗ ಮರುಳಸಿದ್ದಮ್ಮ ಹಿಂದೆಯೇ ಬಂದಳು.

“ಪುಷ್ಪಿ.”

“ಬಂದ್ಯಾ ಸಿದ್ದು. ಒಳಗ ಚಾ ಐತಿ, ಕುಡಿ.”

“ಚಾ ಇರ್ಲಿ. ಇದನ್ನ ನೋಡು.”

ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆಯ ಹಾಳೆ. ಒಂದು ಬದಿ ವೇಬ್ರಿಜ್‌ನ ಹಳೆಯ ಚೀಟಿ, ಇನ್ನೊಂದು ಬದಿ ಅಪ್ಪನ ಅಕ್ಷರ.

“ಏಳು ವರ್ಷದ ಹಿಂದ ನಿಮ್ಮಪ್ಪಾರು ನನ್ನ ಮನಿಗೆ ಬಂದಿದ್ರು. ಹುಬ್ಬಳ್ಳಿ ತನಕ ಬಸ್ಸಿನಾಗ ನಿಂತ್ಕೊಂಡೇ ಬಂದಿದ್ರಂತ. ನೀರು ಕುಡೀರಿ ಅಂದೆ. ಮೊದಲು ನನ್ನ ಮಾತು ಕೇಳು, ಆಮೇಲೆ ನೀರು ಕೊಡಬೇಕೋ ಬ್ಯಾಡೋ ನೋಡು ಅಂದ್ರು.”

“ಏನಂತ ಮಾತು?”

“ಕ್ಲೀನರ್ ಇಳಿದಿದ್ದ ಅಂತ.”

*

ಮೆಕ್ಕೆಜೋಳದ ಲಾರಿಯೊಂದು ತುಂಬಿ ಬಂದಾಗ ಡ್ರೈವರ್, ಕ್ಲೀನರ್ ಇಬ್ಬರೂ ಮೇಲಿದ್ದರು. ಖಾಲಿ ತೂಗುವಾಗ ಕ್ಲೀನರ್ ಚಾ ಕುಡಿಯಲು ಹೋಗಿದ್ದ. ಅವನ ಅರವತ್ತು ಕಿಲೊ ಮೈ ಚೀಟಿಯಲ್ಲಿ ಜೋಳವಾಗಿ ಕೂತಿತು. ಇಂಥದ್ದನ್ನು ಗುರುಶಾಂತಪ್ಪ ನೂರಾರು ಸಲ ಹಿಡಿದಿದ್ದ. ಆ ದಿನವೂ ಹಿಡಿದು ಡ್ರೈವರನಿಗೆ ಬೈದ. ಬೈಯುತ್ತ ಬೈಯುತ್ತ ಬಾಯಿ ನಿಂತುಹೋಯಿತು.

ಪುಷ್ಪಿ ಒಳಗಿದ್ದಾಗ ಜತೆಗೆ ಯಾರಿದ್ದರು? ಅವಳು ಹೊರಗೆ ಬಂದಾಗ ಯಾರು ಒಳಗೆ ಹೋದರು?

ಹಳೆಯ ಹಾಳೆಗಳನ್ನು ಟ್ರಂಕಿನಿಂದ ತೆಗೆದ. ನಲವತ್ತೆರಡು ಪಂದ್ಯ. ಗಟ್ಟಿ ಹುಡುಗಿಯರು ದಣಿದಾಗ ಮಾಸ್ತರರು ಅವರನ್ನೆಲ್ಲ ಕೂರಿಸಿ, ಆಟ ಇನ್ನೂ ಕಲಿಯುತ್ತಿದ್ದ ನಾಲ್ವರನ್ನು ಒಳಗೆ ಕಳಿಸುತ್ತಿದ್ದರು. ಆ ನಾಲ್ವರ ನಡುವೆ ಪುಷ್ಪಲತಾಳನ್ನು ಬಿಡುತ್ತಿದ್ದರು. ಅಕಿ ಅದಾಳಲ್ಲ, ಹಿಡ್ಕೋತಾಳ ಎನ್ನುತ್ತಿದ್ದರು. ದಣಿವಾರಿದವರು ಒಳಗೆ ಬಂದ ಮೇಲೆ ಅವಳಿಗೆ ವಿಶ್ರಾಂತಿ. ಮರುಳಸಿದ್ದಮ್ಮ ಆಡಿದ್ದೆಲ್ಲ ಆ ಗಟ್ಟಿಯವರ ಜತೆಗೇ. ಕಲಿಯುವವರು ಬಿಟ್ಟುಕೊಟ್ಟ ಅಂಕಗಳನ್ನೆಲ್ಲ ಅವನು ಮಗಳ ಹೆಸರಿಗೆ ಬರೆದಿದ್ದ.

ಹೊಸದಾಗಿ ತೂಗಲು ಕೂತ. ಯಾರು ಯಾರ ಜತೆ ಎಷ್ಟು ಹೊತ್ತು ಇದ್ದರು, ಎದುರಿಗೆ ಯಾರಿದ್ದರು, ಅವರವರ ಪಾಲು ಎಷ್ಟು ಕಳೆಯಬೇಕು. ಒಬ್ಬಳ ತೂಕ ಸರಿಮಾಡಿದರೆ ಉಳಿದವರ ತೂಕ ಅಲುಗಾಡುತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಲಾರಿ ಹತ್ತಿದಾಗ ಮುಳ್ಳು ಆಚೀಚೆ ಆಡಿ ಒಂದು ಕಡೆ ನಿಲ್ಲುವ ಹಾಗೆ, ಅಂಕಿಗಳು ಅಲುಗಾಡುವುದು ನಿಲ್ಲಲು ಎರಡು ವರ್ಷ ಹಿಡಿಯಿತು.

*

ಹಾಳೆಯ ಕೆಳಗೆ ಎರಡು ಸಾಲಿದ್ದವು. ಪುಷ್ಪಲತಾ, ಎಂಟು ಹೆಚ್ಚು. ಮರುಳಸಿದ್ದಮ್ಮ, ಆರು ಹೆಚ್ಚು.

“ಎರಡು,” ಎಂದಳು ಪುಷ್ಪಲತಾ.

“ಎರಡು ಅಂಕ. ಒಂದು ಬುಟ್ಟಿ.”

“ನಿನಗ ಹೇಳಿದಾನ. ನನಗ ಯಾಕ ಹೇಳ್ಲಿಲ್ಲ?”

“ನಿನಗ ಹೇಳಿದ್ರ ನಾನು ನಿನ್ನ ನೌಕರಿ ಕದ್ದಂಗ ಕಾಣ್ತೈತಿ, ಅದಕ್ಕ ಮೊದಲು ನನ್ನ ಕೇಳಾಕ ಬಂದಿದ್ರು. ನೀನು ಕದ್ದಿಲ್ಲವ್ವ, ತಪ್ಪು ತೂಗಿದವ ನಾನು ಅಂದ್ರು. ಹೋಗಿ ಹೇಳ್ರಿ ಅಕಿಗೆ ಅಂದೆ. ಮಂದಿ ಮುಂದ ಗ್ರೌಂಡಿನಾಗ ಕಮ್ಮಿ ಅಂದೀನಿ, ಗ್ರೌಂಡಿನಾಗೇ ತಿದ್ದಬೇಕು, ಅಡಗಿಮನ್ಯಾಗ ಪಿಸುಗುಟ್ಟೋದಲ್ಲ ಇದು, ಅಕಿ ಬರ್ಲಿ ಅಂದ್ರು. ಅಕಿ ಬಂದ್ಲೇನು ಅಂತ ವರ್ಷಾ ವರ್ಷಾ ಕೇಳ್ತಿದ್ದೆ. ಇನ್ನೂ ಬಂದಿಲ್ಲ ಅಂತಿದ್ರು.”

“ನೀನರ ಹೇಳ್ಬೇಕಿಲ್ಲ?”

“ನಾಚಿಕಿ ಪುಷ್ಪಿ. ನಿನ್ನ ಗಂಗಾಳದಾಗಿಂದು ಉಂಡಂಗ ಅನ್ನಿಸ್ತಿತ್ತು.”

ನಲ್ಲಿ ಸುರಿಯುತ್ತಲೇ ಇತ್ತು. ಪುಷ್ಪಲತಾ ಅದನ್ನು ತಿರುವಿ ನಿಲ್ಲಿಸಿದಳು. ಹಾಳೆಯನ್ನು ಅದೇ ಮಡಿಕೆಗಳಲ್ಲಿ ಮಡಚಿದಳು.

“ಹುಚ್ಚಿ. ಆರು ಹೆಚ್ಚು ಅಂದ್ರ ಏನು ಸಣ್ಣದಾತೇನು? ಅವನ ಪುಸ್ತಕದಾಗ ಆರು ಬರಿಬೇಕಂದ್ರ ಉಳಿದವ್ರು ಜೀವ ಬಿಡ್ತಿದ್ರು.” ಮುಖ ಒರೆಸಿಕೊಂಡು ಪಡಸಾಲೆಗೆ ಬಂದಳು. “ಚನ್ನಬಸಣ್ಣ, ಟ್ರ್ಯಾಕ್ಟರ್ ಗ್ರೌಂಡಿಗೆ ಹೋಗ್ಲಿ.”

*

ಟ್ರೇಲರಿನಲ್ಲಿ ವಿಮಾನದ ಜತೆ ಐವರು ಕೂತರು. ಪಂಪಮ್ಮ, ಪುಷ್ಪಲತಾ, ಮರುಳಸಿದ್ದಮ್ಮ, ಹಾಲಸ್ವಾಮಿ, ವಿಮಾನ ಅಲುಗದಂತೆ ಹಿಡಿಯಲು ಪಾಲಣ್ಣ. ವಿಮಾನಕ್ಕೆ ಚೆಂಡುಹೂವು ಸುತ್ತಿದ್ದರು, ಉಪ್ಪಿನ ಚೀಲ ಕಾಲ ಬಳಿ ಇತ್ತು. ಉಳಿದವರು ಹಿಂದೆ ನಡೆದರು.

ಗ್ರೌಂಡಿನಲ್ಲಿ ಹುಡುಗಿಯರು ಎರಡು ಸಾಲು ನಿಂತಿದ್ದರು. ಸ್ಕೋರ್ ಬರೆಯುವ ಮೇಜು, ಕಬ್ಬಿಣದ ಕುರ್ಚಿ ಇದ್ದಲ್ಲೇ ಇದ್ದವು. ಯಾರೂ ಒಯ್ಯದಂತೆ ಮೇಜಿನ ಕಾಲಿಗೆ ಸೆಣಬಿನ ದಾರದಿಂದ ಕಟ್ಟಿದ್ದ ಪೆನ್ನು ತೂಗಾಡುತ್ತಿತ್ತು. ಪುಷ್ಪಲತಾ ಟ್ರೇಲರಿನಿಂದ ಇಳಿದು, ಚಪ್ಪಲಿ ಬಿಟ್ಟು, ಗೇಟು ದಾಟಿದಳು.

ಮರುಳಸಿದ್ದಮ್ಮ ಹಾಳೆ ಬಿಡಿಸಿ, ಕೊನೆಯ ಸಾಲಿನವರಿಗೂ ಕೇಳುವಂತೆ ಓದಿದಳು. “ಹದಿಮೂರು ವರ್ಷದ ಹಿಂದ ಇಲ್ಲಿ ಹೇಳಿದ್ದು ತಪ್ಪು. ಪುಷ್ಪಲತಾ, ಎಂಟು ಹೆಚ್ಚು. ಮರುಳಸಿದ್ದಮ್ಮ, ಆರು ಹೆಚ್ಚು. ತೂಗಿದವ ಗುರುಶಾಂತಪ್ಪ.”

ಮುದುಕರಾಗಿದ್ದ ಗುರುಬಸವರಾಜ ಮಾಸ್ತರರು ಕೋಲೂರಿ ಮುಂದೆ ಬಂದರು. “ಎಂಟೇ ಏನು? ನಾನು ಹತ್ತರ ಮ್ಯಾಲೆ ಅಂದ್ಕೊಂಡಿದ್ದೆ.”

“ಅವತ್ತೇ ಬಾಯಿ ಬಿಡಬೇಕಿತ್ತಲ್ರಿ ಮಾಸ್ತರ,” ಎಂದಳು ಪಂಪಮ್ಮ ಟ್ರೇಲರಿನ ಮೇಲಿಂದಲೇ.

“ಬಿಡಬೇಕಿತ್ತು ತಾಯಿ. ಇವನ ಪುಸ್ತಕಕ್ಕ ಹೆದರ್ತಿದ್ದೆ.”

ಪುಷ್ಪಲತಾ ಮೇಜಿನ ಕಾಲ ಬಳಿ ಬಗ್ಗಿ ದಾರದ ಗಂಟು ಬಿಚ್ಚಿದಳು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಮತ್ತೆ ಮೇಲೆ ಹತ್ತಿದಳು.

ಮಾರುಕಟ್ಟೆ ರಸ್ತೆಯಲ್ಲಿ ಚನ್ನಬಸವ ಮುಂದೆ ಓಡಿ ಕೈ ಅಡ್ಡ ಹಿಡಿದ. “ಒಂದು ಸಲ ಮ್ಯಾಲೆ ಹತ್ಸಿ ಒಯ್ರಿ. ಅವ್ರ ಜಾಗ.”

“ಹೆಣಾನ ತೂಗ್ತಾರೇನಲೇ?” ಎಂದ ಹಾಲಸ್ವಾಮಿ.

“ತೂಗ್ಲಿ ಬಿಡಪ್ಪ,” ಎಂದಳು ಪಂಪಮ್ಮ. “ಊರಾಗಿನ ಗಾಡಿ ಎಲ್ಲಾ ತೂಗ್ಯಾನ. ಅವನ್ನ ಒಬ್ರೂ ತೂಗಿಲ್ಲ.”

ನಾಲ್ಕು ಸಾವಿರದ ಮುನ್ನೂರ ಎಂಬತ್ತೈದು ಎಂದು ಚೀಟಿ ಬಂತು.

*

ಮೂರು ಗಂಟೆಗೆ ಮಣ್ಣು ಮುಗಿಯಿತು. ಗುರುಶಾಂತಪ್ಪನನ್ನು ಗುಂಡಿಯ ಗೂಡಿನಲ್ಲಿ ಕೂರಿಸಿ, ಸುತ್ತ ಉಪ್ಪು, ವಿಭೂತಿ ತುಂಬಿ, ಎಲ್ಲರೂ ಹಿಡಿಮಣ್ಣು ಹಾಕಿದರು. ವಿಮಾನ, ಹೂವು ಅಲ್ಲೇ ಉಳಿದವು. ಪಾಲಣ್ಣ ಅಲ್ಲಿಂದ ನಡೆದೇ ಮನೆಗೆ ಹೊರಟಿದ್ದ. ಪುಷ್ಪಲತಾ ತೋಳು ಹಿಡಿದು ನಿಲ್ಲಿಸಿದಳು.

“ಹತ್ತು ಪಾಲಣ್ಣ. ಬರೋವಾಗ ಇದ್ದವ್ರು ಹೋಗೋವಾಗ್ಲೂ ಇರಬೇಕು.”

ಐವರೂ ಹತ್ತಿದರು. ವೇಬ್ರಿಜ್ ಮೇಲೆ ಟ್ರ್ಯಾಕ್ಟರ್ ನಿಂತಿತು. ಚನ್ನಬಸವ ಚೀಟಿ ತಂದು ಕೊಟ್ಟ. ನಾಲ್ಕು ಸಾವಿರದ ಇನ್ನೂರ ಎಂಬತ್ತು.

“ನಿವ್ವಳ ನೂರಾ ಐದು ಅಕ್ಕಾ.”

“ನೂರಾ ಐದು ಎಲ್ಲಿದ್ದನಲೇ ನಮ್ಮಣ್ಣ? ನಿನ್ನ ಮಿಶನ್ ಕೆಟ್ಟೈತಿ,” ಎಂದ ಹಾಲಸ್ವಾಮಿ.

“ತಡಿ ಚಿಗಪ್ಪ. ಅಪ್ಪನ ಜತಿಗೆ ಏನೇನು ಇಳಿದೈತಿ ನೋಡ್ಬೇಕಲ್ಲ.”

ಅವಳು ಚೀಟಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ಅಪ್ಪನ ಪೆನ್ನಿನಿಂದ ಒಂದರ ಕೆಳಗೊಂದು ಬರೆದಳು. ಉಪ್ಪು ಇಪ್ಪತ್ತೈದು. ಹೂವು ಹನ್ನೆರಡು. ವಿಮಾನ ಹದಿನೆಂಟು. ಗೆರೆ ಎಳೆದು ಕಳೆದಳು. ಮತ್ತೊಮ್ಮೆ ಕಳೆದು ನೋಡಿದಳು. ಮರುಳಸಿದ್ದಮ್ಮ ಪಕ್ಕದಿಂದ ಬಗ್ಗಿ ನೋಡಿ ತಲೆಯಾಡಿಸಿದಳು. ಪುಷ್ಪಲತಾ ಗೆರೆಯ ಕೆಳಗೆ ಅಪ್ಪನ ಹಾಗೆಯೇ ಬರೆದಳು.

ಗುರುಶಾಂತಪ್ಪ, ಐವತ್ತು ಕಿಲೊ ಕಮ್ಮಿ.