ಡೆಕ್ಕರ್ ಅಳಿಸಿದ ವಿಡಿಯೊ

ಡೆಕ್ಕರ್‌ಗೂ ಹೆದರಿಕೆ ಇದೆ ಎಂದರೆ ಎಡ್ಮಂಟನ್ ಬಡಾವಣೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಬಾಗಿಲು ಸಾಲದಷ್ಟು ದೊಡ್ಡ ಆಳು. ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕೂತು, ಫೋನನ್ನು ಮುಖಕ್ಕೆ ಹಿಡಿದು, ಕೆಳಗೆ ಹೋಗುವವರ ಟೋಪಿ, ಬೂಟು, ನಡಿಗೆ ಎಲ್ಲವನ್ನೂ ಗೇಲಿ ಮಾಡುವ ವಿಡಿಯೊಗಳಿಂದಲೇ ನಾಲ್ಕು ಲಕ್ಷ ನೋಡುಗರನ್ನು ಗಳಿಸಿದವನು. ಕ್ವಾಕು ಅಡೊಮಾಕೊ ಎಂಬ ನಿಜವಾದ ಹೆಸರಿನಿಂದ ಕರೆಯುವವಳು ಅವನ ತಾಯಿ ಒಬ್ಬಳೇ, ಅದೂ ಸಿಟ್ಟು ಬಂದಾಗ. ಬಸ್ಸಿನ ಗೇಲಿ ಅವನ ಹೊಟ್ಟೆಪಾಡಾದರೆ ಗ್ರೈಮ್ ಅವನ ಜೀವ. ಓಡುವ ತಾಳಕ್ಕೆ ಒಂದೇ ಉಸಿರಿನಲ್ಲಿ ಪ್ರಾಸ ಕಟ್ಟಿ ಎದುರಿನವನ ಮಾನ ಹರಾಜು ಹಾಕುವ ಹಾಡು ಅದು.

ಅಂಥವನು ಆ ಶನಿವಾರ ಮಧ್ಯಾಹ್ನ ಟೈರ್ ಅಂಗಡಿಯ ಮೇಲಿನ ರೇಡಿಯೊ ಕೋಣೆಗೆ ಬಂದವನೇ ಮೊದಲು ನೋಡಿದ್ದು ಬಾಗಿಲು ಎಷ್ಟಿವೆ ಎಂದು. ಒಂದೇ. ಕಿಟಕಿಗೆ ಸರಳು.

"ಏನೋ, ಮದುವೆ ಗಂಡಿನ ತರ ಬೆವರ್ತಿದೀಯ?" ಎಂದಳು ಪೆಟ್ರೋನಾ. ಹದಿನೈದು ವರ್ಷದಿಂದ ಅಲ್ಲಿ ರೆಕಾರ್ಡ್ ತಿರುಗಿಸುವವಳು ಅವಳು. ಬಾಯಿ ಜೋರು, ಮನಸ್ಸು ಮೃದು. "ಒಂದು ವರ್ಷ ಅಡಗಿ ಕೂತಿದ್ದು ಸಾಕು. ಜನ ಮರೀತಾರೆ ಕಣೋ. ಬಾ, ಮೈಕ್ ಹಿಡಿ."

"ನೇರ ಪ್ರಸಾರ ಬೇಡ, ಪೆಟ್ರೋನಾ. ಸುಮ್ನೆ ರೆಕಾರ್ಡ್ ಮಾಡ್ಕೊಳೋಣ."

"ಆಹಾ! ಪೋಸ್ಟರ್ ಹಾಕಿ ಹತ್ತು ದಿನ ಆಯ್ತು. ಬರದೇ ಇದ್ದಿದ್ದು ನೀನೊಬ್ಬನೇ."

ಪೋಸ್ಟರಿನಲ್ಲಿ ದಿನ, ಗಂಟೆ, ಜಾಗ ಎಲ್ಲವೂ ಇತ್ತು. ಅವನನ್ನು ಹುಡುಕುವವನು ಇನ್ನು ಹುಡುಕಬೇಕಾಗಿಯೇ ಇರಲಿಲ್ಲ.

ಹುಡುಕುತ್ತಿದ್ದವನು ಡೆಲ್ವಿನ್. ವುಡ್‌ಗ್ರೀನಿನ ಕ್ಲಬ್ಬುಗಳ ಬಾಗಿಲಲ್ಲಿ ನಿಂತು, ಕುಡಿದು ಕುಣಿದವರನ್ನು ಬೆಕ್ಕಿನ ಮರಿಯ ಹಾಗೆ ಕತ್ತು ಹಿಡಿದು ಹೊರಗಿಡುವವನು. ಅವನ ತಮ್ಮ ರೋಮೇನ್. ಹೋದ ವರ್ಷ ಮಾರ್ಚಿನಲ್ಲಿ ಇದೇ ಕೋಣೆಯಲ್ಲಿ ರೋಮೇನ್ ಮತ್ತು ಡೆಕ್ಕರ್ ಎದುರುಬದುರು ನಿಂತು ಹಾಡಿನಲ್ಲಿ ಜಗಳವಾಡಿದ್ದರು. ಆ ಜಗಳ ಬರೀ ಆಟ. ಮುಗಿದ ಮೇಲೆ ಇಬ್ಬರೂ ಒಂದೇ ಪೊಟ್ಟಣದಿಂದ ಕೋಳಿ ತಿಂದವರೇ. ಆದರೆ ಆಟದ ನಡುವೆ ಡೆಕ್ಕರ್ ಒಂದು ಮಾತು ಬಿಟ್ಟಿದ್ದ:

"ಹೋಗೋ ರೋಮೇನ್, ಮನೆಗೆ ಹೋಗೋ, ಅಮ್ಮ ಮುಚ್ಚಿಟ್ಟವಳೆ ಊಟ,
ಇವತ್ತು ನೀನು ಮನೆ ಸೇರೋಲ್ಲ, ಇಲ್ಲಿಗೇ ಮುಗೀತು ಆಟ!"

ಕೋಣೆ ಕಿತ್ತುಹೋಗುವಂತೆ ಕೂಗಿತ್ತು. ಬೈಗುಳ ತಿಂದ ರೋಮೇನೇ ಮೊಣಕಾಲು ಹಿಡಿದುಕೊಂಡು ನಕ್ಕು, ಪೆಟ್ರೋನಾಳ ಕೈ ಎಳೆದು ರೆಕಾರ್ಡನ್ನು ಹಿಂದಕ್ಕೆ ತಿರುಗಿಸುವಂತೆ ಮಾಡಿದ್ದ. ಇನ್ನೊಮ್ಮೆ ಹೇಳು ಎಂದು ಸೋತವನೇ ಕೇಳುವುದು ಗ್ರೈಮಿನವರ ಲೆಕ್ಕದಲ್ಲಿ ದೊಡ್ಡ ಮರ್ಯಾದೆ. ಆ ವಿಡಿಯೊ ಊರೆಲ್ಲ ಓಡಾಡಿ ಡೆಕ್ಕರನ ಹೆಸರನ್ನು ಮುಗಿಲಿಗೇರಿಸಿತು. ಹನ್ನೊಂದು ದಿನದ ಮೇಲೆ ರೋಮೇನ್ ಮನೆಗೆ ಹೋಗುವ ದಾರಿಯಲ್ಲಿ, ಯಾರದೋ ಜಗಳಕ್ಕೆ ಅಡ್ಡ ಹೋಗಿ, ಚಾಕುವಿನ ಇರಿತಕ್ಕೆ ಸತ್ತ. ಇವತ್ತು ನೀನು ಮನೆ ಸೇರೋಲ್ಲ ಎಂದಿದ್ದವನು ಡೆಕ್ಕರ್.

ಕೊಂದವನು ಸಿಕ್ಕಿಬಿದ್ದ, ಜೈಲಿಗೂ ಹೋದ. ಆದರೂ ಜನರ ಬಾಯಿಗೆ ಬೀಗ ಹಾಕುವವರಾರು? ಶಾಪ ಹಾಕಿದ ಎಂದರು, ಸತ್ತವನ ಹೆಸರಲ್ಲಿ ದುಡ್ಡು ಮಾಡುತ್ತಾನೆ ಎಂದರು. ಆಗ ಶುರುವಾಯಿತು ಡೆಲ್ವಿನನ ಸಂದೇಶ. "ನಿನ್ನ ನೋಡ್ಬೇಕು." "ಓಡ್ಬೇಡ." "ನಮ್ದೊಂದು ನಿನ್ನತ್ರ ಇದೆ." ಮೂರನೆಯದನ್ನು ಓದಿದ ರಾತ್ರಿ ಡೆಕ್ಕರ್‌ಗೆ ಜ್ವರವೇ ಬಂತು. ಮಾರನೆಯ ದಿನವೇ ವಿಡಿಯೊ ತೆಗೆದುಹಾಕಿದ. ಬೇರೆಯವರು ಹಾಕಿಕೊಂಡ ಪ್ರತಿಗಳನ್ನು, ಅದು ನನ್ನ ಸ್ವತ್ತು ಎಂದು ದೂರು ಕೊಟ್ಟು ಕೊಟ್ಟು, ಒಂದೊಂದಾಗಿ ಕೀಳಿಸಿದ. ಫೋನಿನಿಂದ ಅಳಿಸಿದ. ಪೆಟ್ರೋನಾಳ ಕಾಲು ಹಿಡಿದು ರೇಡಿಯೊದವರ ಪ್ರತಿಯನ್ನೂ ಅಳಿಸಿದ. ಪಾಪ, ಗಾಯ ಕಾಣದಿದ್ದರೆ ನೋವೂ ಇರುವುದಿಲ್ಲ ಎಂದುಕೊಂಡಿತ್ತು ಆ ದೊಡ್ಡ ದೇಹ. ಬಸ್ಸು ಹತ್ತುವುದನ್ನೂ ಬಿಟ್ಟ.

ನಾಲ್ಕು ಗಂಟೆಗೆ ಕ್ಯಾಮೆರಾದ ಕೆಂಪು ದೀಪ ಹತ್ತಿತು. ಡೆಕ್ಕರ್ ಹಾಡಿದ. ಮೊದಲ ಹತ್ತು ನಿಮಿಷ ಹಳೆಯ ಡೆಕ್ಕರನೇ. ಗೋಡೆಗೆ ಒರಗಿ ನಿಂತಿದ್ದ ಏಳೆಂಟು ಜನ ತಲೆ ಕುಣಿಸುತ್ತಿದ್ದರು. ಎದುರಿನ ಪರದೆಯಲ್ಲಿ ನೋಡುಗರ ಮಾತುಗಳು ಸರಸರ ಏರುತ್ತಿದ್ದವು. ಬಂದ ನೋಡ್ರೋ ಆನೆ, ಎಲ್ಲಿದ್ಯೋ ಇಷ್ಟು ದಿನ, ಇನ್ನೂ ದಪ್ಪ ಆಗಿದೀಯಲ್ಲೋ. ಅವುಗಳ ನಡುವೆ ಒಂದು ಸಾಲು ಬಂತು.

"ಕೆಳಗಿದೀನಿ. ಡೆಲ್ವಿನ್."

ಡೆಕ್ಕರ್ ಅದನ್ನು ಓದಿದ. ಬಾಯಿ ತನ್ನಷ್ಟಕ್ಕೆ ಪ್ರಾಸ ಉದುರಿಸುತ್ತಿತ್ತು, ಕಿವಿ ಮಾತ್ರ ಮೆಟ್ಟಿಲ ಕಡೆಗಿತ್ತು. ಪರದೆ ನೋಡದ ಪೆಟ್ರೋನಾ, ರೋಮೇನ್ ಜೊತೆಗಿನ ಜಗಳದ ಅದೇ ಹಳೆಯ ತಾಳ ಹಾಕಿದಳು. ಗೋಡೆಯವರು "ರೋಮೇನ್ ಸಾಲು! ರೋಮೇನ್ ಸಾಲು!" ಎಂದು ಕೂಗತೊಡಗಿದರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಬಾಗಿಲಿನಷ್ಟೇ ಅಗಲವಾಗಿ ಡೆಲ್ವಿನ್ ನಿಂತಿದ್ದ, ಕರಿ ಸೂಟು, ಕರಿ ಟೈ. ಕೂಗು ಒಂದೇ ಸಲಕ್ಕೆ ಅಡಗಿತು.

"ನೀವು ನಡೆಸಿ, ಪೆಟ್ರೋನಾ," ಎಂದ ಡೆಲ್ವಿನ್. "ಇವನತ್ರ ಎರಡು ಮಾತು."

ಯಾರೂ ಅಡ್ಡ ಬರಲಿಲ್ಲ. ನಾಲ್ಕು ಲಕ್ಷ ಜನರಲ್ಲಿ ಒಬ್ಬನೂ ಬರಲಿಲ್ಲ. ಮೆಟ್ಟಿಲ ತುದಿಯಲ್ಲಿ, ರಬ್ಬರ್ ವಾಸನೆಯ ನಡುವೆ, ಡೆಕ್ಕರ್ ಗೋಡೆಗೆ ಬೆನ್ನು ಕೊಟ್ಟು ನಿಂತ.

"ಬ್ರೋ, ನಮ್ಮಮ್ಮನಾಣೆ, ಆ ಸಾಲು ಬರೆದಾಗ ನಂಗೇನೂ..."

"ಗೊತ್ತು."

"ನಂದೇನೂ ಕೈವಾಡ ಇಲ್ಲ, ಬ್ರೋ..."

"ಗೊತ್ತು ಅಂದ್ನಲ್ಲ, ಕಿವುಡಾ? ಹೊಡಿಯೋಕೆ ಬರೋದಾಗಿದ್ರೆ ಒಂದ್ ವರ್ಷ ಕಾಯ್ತಿದ್ನಾ? ನಿನ್ ಮನೆ ಗೊತ್ತಿಲ್ವಾ ನಂಗೆ? ಅಲ್ಲಿಗೆ ಬಂದು ನಿಮ್ಮಮ್ಮನ್ನ ಹೆದರಿಸೋದು ಬೇಡ ಅಂತ ಸುಮ್ನಿದ್ದೆ." ಡೆಲ್ವಿನ್ ಟೈ ಸಡಿಲಿಸಿಕೊಂಡ. ಮಾತಾಡಲು ಅವನಿಗೂ ಕಷ್ಟವಾಗುತ್ತಿತ್ತು. "ರೋಮೇನ್‌ದು ಮುಂದಿನ ಹಲ್ಲು ಮುರ್ದಿತ್ತು, ಗೊತ್ತಲ್ಲ? ಶಾಲೆ ಫೋಟೊ, ಪಾಸ್‌ಪೋರ್ಟ್ ಫೋಟೊ, ಎಲ್ಲದ್ರಲ್ಲೂ ಬಾಯಿ ಬಿಗಿಹಿಡ್ದಿದಾನೆ. ಅವನ ಹಾಡಿನ ವಿಡಿಯೊಗಳಲ್ಲಂತೂ ಕೇಳ್ಬೇಡ. ನೀವುಗಳು ಕ್ಯಾಮೆರಾ ಮುಂದೆ ನಗೋದಿಲ್ವಲ್ಲ, ಎಲ್ರೂ ಯಾರನ್ನೋ ಕೊಂದ್ ಬಂದೋರ ತರ ಮುಖ ಗಂಟು ಹಾಕ್ಕೊಂಡ್ ನಿಲ್ತೀರ."

ಡೆಕ್ಕರ್ ತಲೆಯಾಡಿಸಿದ. ಅದು ನಿಜವೇ. ನಕ್ಕರೆ ಮೆತ್ತಗಿದ್ದಾನೆ ಅನ್ನುತ್ತಾರೆ.

"ಅವ್ನು ನಕ್ಕಿದ್ದು ಅದೊಂದರಲ್ಲೇ. ನಿನ್ ವಿಡಿಯೊದಲ್ಲಿ. ಅಮ್ಮ ದಿನಾ ನೋಡ್ತಿದ್ಲು. ಮನೇಲಿ ಇಟ್ಕೊಳೋಕೆ ಒಂದು ಪ್ರತಿ ಕೇಳೋಣ ಅಂತ್ಲೇ ನಿಂಗೆ ಸಂದೇಶ ಹಾಕಿದ್ದು. ನಿನ್ ಬೈಗುಳ ಬಂದಾಗ ಶಬ್ದ ಕಮ್ಮಿ ಮಾಡಿ, ಅವ್ನು ನಗೋವಾಗ ಜಾಸ್ತಿ ಮಾಡೋಳು. ಒಂದಿನ ಒತ್ತಿದ್ರೆ ಇಲ್ಲ. ನಂಗೆ ಕೊಟ್ಳು ಫೋನು, ಏನೋ ಕೆಟ್ಟಿದೆ ನೋಡು ಅಂತ." ಅವನ ದನಿ ಇಳಿಯಿತು. "ಮೂಲ ಇದೆ ತಾನೆ ನಿನ್ನತ್ರ? ಮೂಲ ಯಾರೂ ಅಳಿಸಲ್ಲ."

ಇಷ್ಟು ದಿನ ಡೆಕ್ಕರ್ ಹೆದರಿದ್ದು ಏಟಿಗೆ. ಏಟು ಬೀಳುವುದಿಲ್ಲ ಎಂದು ಗೊತ್ತಾದ ಮೇಲೆ ಹುಟ್ಟಿದ ಈ ಹೆದರಿಕೆಯಿಂದ ಎಲ್ಲಿ ಬಚ್ಚಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಇಲ್ಲ, ಎಲ್ಲ ಅಳಿಸಿದೆ, ನಿನಗೆ ಹೆದರಿ ಅಳಿಸಿದೆ ಎನ್ನಬೇಕಿತ್ತು. ಎರಡು ಸೆಕೆಂಡಿನ ಮಾತು.

"ಹುಡುಕ್ತೀನಿ," ಎಂದ.

ಡೆಲ್ವಿನನ ಮುಖ ಅರಳಿತು. ಆ ಮುಖ ಹಾಗೆ ಅರಳಬಲ್ಲದು ಎಂದು ಡೆಕ್ಕರ್ ಅಂದುಕೊಂಡಿರಲಿಲ್ಲ. "ಇದೆ ಅಂದಂಗಾಯ್ತು! ನಂಗೊತ್ತಿತ್ತು. ಬಾ, ಬಾ, ನೀನೇ ಹೇಳು ಬಾ. ನಮ್ದು ಶನಿವಾರದ ಚರ್ಚು, ಅಲ್ಲಿಂದ ನೇರ ಕರ್ಕೊಂಡ್ ಬಂದಿದೀನಿ ಅಮ್ಮನ್ನ. ಕಾರಲ್ಲಿದಾಳೆ."

"ಬ್ರೋ, ತಾಳು, ನಾನು..."

ಡೆಲ್ವಿನನ ಕೈ ಆಗಲೇ ಅವನ ಹೆಗಲ ಮೇಲಿತ್ತು. ಕ್ಲಬ್ಬಿನಿಂದ ಜನರನ್ನು ಹೊರಗಿಡುವ ಕೈ ಅದು, ಈಗ ನೆಂಟನನ್ನು ಕರೆದೊಯ್ಯುವ ಹಾಗೆ ಹಗುರಾಗಿತ್ತು. ಒಂದೊಂದು ಮೆಟ್ಟಿಲಿಗೂ ಡೆಕ್ಕರ್ ಹೇಳಿಬಿಡೋಣ ಎಂದುಕೊಂಡ. ಹೇಳದೆಯೇ ಮೆಟ್ಟಿಲು ಮುಗಿಯಿತು.

ಟೈರುಗಳ ರಾಶಿಯ ಪಕ್ಕ ನೀಲಿ ಕಾರು ನಿಂತಿತ್ತು. ರೋಮೇನನ ತಾಯಿ ವೆರೋನಾ ಆಂಟಿ ಗಾಜು ಇಳಿಸಿದಳು. ಚರ್ಚಿನ ಬಿಳಿ ಟೋಪಿ, ಮಡಿಲಲ್ಲಿ ಮುಚ್ಚಳ ಹಾಕಿದ ಊಟದ ಡಬ್ಬಿ.

"ಅಮ್ಮಾ, ಇದೆಯಂತೆ!" ಎಂದ ಡೆಲ್ವಿನ್.

"ದೇವರು ದೊಡ್ಡವನು," ಎಂದಳು ಆಂಟಿ. ಡೆಕ್ಕರನ ಮುಖವನ್ನು ದಿಟ್ಟಿಸಿದಳು. "ಯಾಕೋ ಹೀಗೆ ನಡುಗ್ತಿದೀಯ? ಹಸಿವಾ? ನಾನೇನು ನಿನ್ನ ಬೈಯೋಕೆ ಬಂದಿಲ್ಲಪ್ಪ. ಅವ್ನನ್ನ ನಗಿಸ್ದೋನು ನೀನೊಬ್ನೇ."

"ಆಂಟಿ," ಎಂದ ಡೆಕ್ಕರ್. ಜೀವಮಾನವೆಲ್ಲ ಮಾತಿನಿಂದಲೇ ಅನ್ನ ತಿಂದವನಿಗೆ ಮುಂದಿನ ಒಂದು ಮಾತು ಬರಲಿಲ್ಲ.

ಆಂಟಿ ಕನ್ನಡಕ ಹಾಕಿಕೊಂಡಳು. ತನ್ನ ಫೋನಿನ ಗಾಜನ್ನು ಬಿಳಿ ಅಂಗಿಯ ತೋಳಿನಿಂದಲೇ ಒರೆಸಿ ಕಿಟಕಿಯಿಂದ ಚಾಚಿದಳು.

"ಇದಕ್ಕೇ ಹಾಕ್ಕೊಡು ಮಗನೇ," ಎಂದಳು.